ಹೆದರಿದವನಿಗೇ ಮಾರಿದ ನಗು: ಡೋಮಿಯೇಯ ಕಲ್ಲಚ್ಚು ಚಿತ್ರಗಳು

1843ರ ಜುಲೈಯಲ್ಲಿ ಪ್ಯಾರಿಸ್ಸಿನ 'ಲ ಶಾರಿವಾರಿ' ಎಂಬ ದಿನಪತ್ರಿಕೆಯಲ್ಲಿ ಒಂದು ಚಿತ್ರ ಬಂತು. ಸೂರಿಲ್ಲದ ರೈಲು ಬೋಗಿ. ಅದರ ತುಂಬ ಜನ. ಬೋಗಿ ಒಮ್ಮೆಗೇ ಜಗ್ಗಿದ್ದಕ್ಕೆ ಒಬ್ಬರ ಮೇಲೊಬ್ಬರು ವಾಲಿ ಬಿದ್ದಿದ್ದಾರೆ. ಕೈಗಳು ಮೇಲೆದ್ದಿವೆ, ಬಾಯಿಗಳು ತೆರೆದಿವೆ. ಚಿತ್ರದ ಕೆಳಗೆ ಇಬ್ಬರ ಮಾತು. ಅಯ್ಯೋ ದೇವರೇ, ನಮ್ಮ ಕಥೆ ಮುಗೀತು ಅಂತ ಒಬ್ಬರ ಗೋಳು. ಏನಿಲ್ಲ, ಗಾಡಿ ಮತ್ತೆ ಹೊರಟಿದೆ ಅಷ್ಟೇ ಅಂತ ಇನ್ನೊಬ್ಬರ ಸಮಾಧಾನ.

ಇಷ್ಟೇ ಜೋಕು. ಇವತ್ತು ನೋಡಿದರೆ ಸಣ್ಣ ನಗು ಬಂದು ಹೋಗುತ್ತದೆ. ಆದರೆ ಅವತ್ತು ಆ ಪತ್ರಿಕೆ ಬಿಚ್ಚಿ ಕೂತವರ ಎದೆಯಲ್ಲಿ ಬೇರೆ ಏನೋ ಇತ್ತು. ಹಿಂದಿನ ವರ್ಷ, 1842ರ ಮೇ 8ರಂದು, ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಬರುತ್ತಿದ್ದ ರೈಲು ಮ್ಯೂದೋ ಎಂಬ ಊರಿನ ಹತ್ತಿರ ಹಳಿ ತಪ್ಪಿ ಹೊತ್ತಿ ಉರಿದಿತ್ತು. ಎಂಜಿನ್ನಿನ ಅಚ್ಚು ಮುರಿದು, ಹಿಂದಿನ ಬೋಗಿಗಳು ಅದರ ಮೇಲೇರಿದವು. ಪ್ರಯಾಣಿಕರು ನಡುವೆ ಇಳಿಯದಿರಲಿ ಅಂತ ಬೋಗಿಗಳ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವ ಪದ್ಧತಿ ಆಗ. ಐವತ್ತಕ್ಕೂ ಜಾಸ್ತಿ ಜನ ಸತ್ತರು. ಅಂಟಾರ್ಕ್ಟಿಕಾದ ಹಿಮದಲ್ಲಿ ಹಡಗು ನಡೆಸಿ ಬದುಕಿ ಬಂದಿದ್ದ ದ್ಯುಮೋ ದ್ಯುರ್ವಿಲ್ ಎಂಬ ನಾವಿಕ, ಪ್ಯಾರಿಸ್ ಪಕ್ಕದ ಈ ರೈಲಿನಲ್ಲಿ ಹೆಂಡತಿ ಮಗನ ಜೊತೆ ಸುಟ್ಟುಹೋದ.

ಅಂದರೆ ಚಿತ್ರದ ಆ ಬೋಗಿಯಲ್ಲಿ ಕಿರುಚಿದವರ ಭಯ ಪೊಳ್ಳಲ್ಲ. ಅದಕ್ಕೆ ಗಟ್ಟಿ ಕಾರಣವೇ ಇದೆ. ತಪ್ಪಿರುವುದು ಸಮಯ ಮಾತ್ರ. ಸಾವಿಗೆ ಇಡಬೇಕಾದ ಕೂಗನ್ನು ಗಾಡಿ ಹೊರಡುವ ಜಗ್ಗಿಗೆ ಇಟ್ಟುಬಿಟ್ಟಿದ್ದಾರೆ. ಈ ಚಿತ್ರಗಳನ್ನು ಬರೆದ ಓನೊರೆ ಡೋಮಿಯೇ ಜೀವನಪೂರ್ತಿ ಈ ಅಂತರವನ್ನೇ ಹಿಡಿದು ಕೂತ ಅಂತ ನನಗನಿಸುತ್ತದೆ. ಅಪಾಯವನ್ನು ಅವನು ಅಷ್ಟಾಗಿ ಅಣಕಿಸುವುದಿಲ್ಲ. ಅಪಾಯಕ್ಕೂ ಅದಕ್ಕೆ ನಾವು ಕೊಡುವ ಮುಖಭಾವಕ್ಕೂ ಇರುವ ಅಳತೆಯ ವ್ಯತ್ಯಾಸವನ್ನು ಅಣಕಿಸುತ್ತಾನೆ.

ಡೋಮಿಯೇ ಹುಟ್ಟಿದ್ದು 1808ರಲ್ಲಿ, ಮಾರ್ಸೇಲ್ಸ್‌ನಲ್ಲಿ. ಅಪ್ಪ ಕಿಟಕಿಗೆ ಗಾಜು ಕೂರಿಸುವ, ಚಿತ್ರಗಳಿಗೆ ಚೌಕಟ್ಟು ಹಾಕುವ ಕೆಲಸದವನು. ಆದರೆ ಕವಿಯಾಗುವ ಹುಚ್ಚು. ಆ ಹುಚ್ಚಿಗೇ ಸಂಸಾರ ಪ್ಯಾರಿಸ್‌ಗೆ ಬಂತು. ಹುಡುಗ ಚಿಕ್ಕ ವಯಸ್ಸಿಗೇ ಕೋರ್ಟಿನ ಅಮೀನನೊಬ್ಬನ ಹತ್ತಿರ ಓಡಾಟದ ಕೆಲಸಕ್ಕೆ ಸೇರಿದ, ಆಮೇಲೆ ಪುಸ್ತಕದಂಗಡಿಯಲ್ಲಿ ದುಡಿದ. ಸಾಲಗಾರರು, ವಕೀಲರು, ಜಪ್ತಿಗೆ ಬಂದವರ ಎದುರು ಬೆವರುವ ಗೃಹಸ್ಥರು, ಇವರನ್ನೆಲ್ಲ ಅವನು ಕಂಡದ್ದು ಪೆನ್ಸಿಲ್ ಹಿಡಿಯುವ ಮೊದಲೇ. ಸಾಯುವ ಹೊತ್ತಿಗೆ, ಅಂದರೆ 1879ಕ್ಕೆ, ಅವನ ಲೆಕ್ಕದಲ್ಲಿ ಸುಮಾರು 4,000 ಕಲ್ಲಚ್ಚು ಚಿತ್ರಗಳಿದ್ದವು.

ಕಲ್ಲಚ್ಚು ಅಂದರೆ ಲಿಥೋಗ್ರಾಫ್. ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ 1790ರ ದಶಕದ ಕೊನೆಯಲ್ಲಿ ಕಂಡುಹಿಡಿದ ಉಪಾಯ ಇದು. ಎಣ್ಣೆ ಕೈಯಲ್ಲಿ ಮುಟ್ಟಿದ ಕಡಪ ಕಲ್ಲಿನ ಮೇಲೆ ನೀರು ಹಾಕಿ ನೋಡಿ, ಜಿಡ್ಡು ತಾಗಿದ ಜಾಗ ಬಿಟ್ಟು ನೀರು ಆಚೀಚೆ ಸರಿಯುತ್ತದೆ. ಅದೇ ಇಲ್ಲಿನ ಗುಟ್ಟು. ನುಣ್ಣಗೆ ಉಜ್ಜಿದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ಗೋಂದು ಮತ್ತು ಸ್ವಲ್ಪ ಆಸಿಡ್ ಸವರಿ ಚಿತ್ರವನ್ನು ಕಲ್ಲಿಗೆ ಕಚ್ಚಿಸುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ, ಎಣ್ಣೆಯ ಮಸಿಯ ಉರುಳೆ ಹಾಯಿಸಿದರೆ, ಮಸಿ ಜಿಡ್ಡು ಇದ್ದಲ್ಲಿ ಮಾತ್ರ ಹಿಡಿಯುತ್ತದೆ. ಕಾಗದ ಇಟ್ಟು ಒತ್ತಿದರೆ ಚಿತ್ರ ತಯಾರು.

ಇದರಿಂದ ಏನಾಯಿತು ನೋಡಿ. ತಾಮ್ರದ ತಗಡಿನಲ್ಲಿ ಕೊರೆಯುವುದಕ್ಕೆ ದಿನಗಟ್ಟಲೆ ಬೇಕು, ಕೊರೆಯುವ ಕೈ ಬೇರೆಯೇ ಇರಬೇಕು. ಕಲ್ಲಿನ ಮೇಲೆ ಕಾಗದದ ಮೇಲೆ ಗೀಚಿದಷ್ಟೇ ಸಲೀಸಾಗಿ ಬರೆಯಬಹುದು. ಚಿತ್ರಗಾರನ ಕೈಯ ನಡುಕ, ಅವಸರ, ಒತ್ತು ಎಲ್ಲವೂ ನೇರ ಓದುಗನಿಗೆ ತಲುಪುತ್ತದೆ. ಸುದ್ದಿ ಬಿಸಿಯಾಗಿರುವಾಗಲೇ ಚಿತ್ರ ಅಚ್ಚಾಗುತ್ತದೆ. ಒಂದು ಷರತ್ತು: ಚಿತ್ರ ತಿರುಗುಮುರುಗಾಗಿ ಬೀಳುತ್ತದೆ, ಬಲಗೈ ಎಡಗೈ ಆಗುತ್ತದೆ. ಅದನ್ನು ಮೊದಲೇ ಲೆಕ್ಕ ಹಾಕಿ ಬರೆಯಬೇಕು.

ರೈಲಿನ ಚಿತ್ರ ಬಂದ ಅದೇ 1843ರ ಅದೇ ಜುಲೈ ತಿಂಗಳು ನಮ್ಮ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ಅಚ್ಚು ಹಾಕಿಸಿದ್ದೂ ಕಲ್ಲಚ್ಚಿನಲ್ಲೇ. ಅಲ್ಲಿ ಕಲ್ಲಿನ ಮೇಲೆ ಬಿದ್ದದ್ದು ಕನ್ನಡ ಅಕ್ಷರ, ಇಲ್ಲಿ ಹೆದರಿದ ಮುಖಗಳು. ಸಂಬಂಧ ಅಷ್ಟೇ, ಆದರೂ ಹೇಳದೆ ಇರಲು ಮನಸ್ಸಾಗಲಿಲ್ಲ.

'ಲ ಶಾರಿವಾರಿ' ಶುರುವಾದದ್ದು 1832ರ ಡಿಸೆಂಬರ್ 1ರಂದು. ನಾಲ್ಕು ಪುಟ. ದಿನವೂ ಹೊಸ ಚಿತ್ರ ಕೊಡುತ್ತೇವೆ ಅನ್ನುವುದೇ ಅದರ ಬಂಡವಾಳ. ವರ್ಷದ ಚಂದಾ 60 ಫ್ರಾಂಕ್. ಪ್ಯಾರಿಸ್ಸಿನ ಕೂಲಿಯವನು ದಿನಕ್ಕೆ ಮೂರು ನಾಲ್ಕು ಫ್ರಾಂಕ್ ದುಡಿದರೆ ಹೆಚ್ಚು ಎನ್ನುವ ಕಾಲ. ಹಾಗಾಗಿ ಇದನ್ನು ತರಿಸಿಕೊಳ್ಳುತ್ತಿದ್ದವರು ಅಂಗಡಿ ಮಾಲೀಕರು, ವಕೀಲರು, ಡಾಕ್ಟರುಗಳು, ಬಾಡಿಗೆ ಮನೆ ಕಟ್ಟಿಸಿದವರು, ಜೊತೆಗೆ ಕಾಫಿ ಅಂಗಡಿಗಳು. ಬೂರ್ಜ್ವಾ ಅಂತ ಕರೆಯುತ್ತೇವಲ್ಲ, ಆ ಜನ. ಕಾಸಿಲ್ಲದವರು ಪ್ರಕಾಶಕ ಓಬೇರ್‌ನ ಅಂಗಡಿಯ ಗಾಜಿನ ಕಿಟಕಿಗೆ ಮುಖ ಒತ್ತಿ ಪುಕ್ಕಟೆ ನೋಡುತ್ತಿದ್ದರು.

ಇನ್ನೊಂದು ಮಾತು. ಚಿತ್ರದ ಕೆಳಗಿನ ಸಾಲುಗಳನ್ನು ಹೆಚ್ಚಿನ ಸಲ ಡೋಮಿಯೇ ಬರೆಯುತ್ತಿರಲಿಲ್ಲ. ಪತ್ರಿಕೆಯ ಬರಹಗಾರರು ಬರೆಯುತ್ತಿದ್ದರು. ಈ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿರಲಿ.

ಈಗ ಮುಖ್ಯ ಪ್ರಶ್ನೆ. ಇಷ್ಟು ಚುರುಕಾದ ಅಸ್ತ್ರ ಕೈಯಲ್ಲಿರುವಾಗ ಮಂತ್ರಿ, ರಾಜರನ್ನು ಬಿಟ್ಟು, ರೈಲಿನಲ್ಲಿ ನಡುಗುವ ಗುಮಾಸ್ತನನ್ನು ಯಾಕೆ ಹಿಡಿದರು?

ಮೊದಲು ಹಿಡಿದದ್ದು ರಾಜನನ್ನೇ. 1830ರ ಕ್ರಾಂತಿಯಲ್ಲಿ ಪಟ್ಟಕ್ಕೆ ಬಂದ ಲೂಯಿ ಫಿಲಿಪ್, ಪತ್ರಿಕೆಗಳಿಗೆ ಸ್ವಾತಂತ್ರ್ಯ ಕೊಡುತ್ತೇನೆ ಅಂದಿದ್ದ. ಅದನ್ನು ನಂಬಿ ಶಾರ್ಲ್ ಫಿಲಿಪೋ ಎಂಬ ಗಟ್ಟಿಗ 'ಲ ಕಾರಿಕಾಚ್ಯೂರ್' ಎಂಬ ವಾರಪತ್ರಿಕೆ ತೆಗೆದ. 1831ರಲ್ಲಿ ರಾಜನಿಗೆ ಅವಮಾನ ಮಾಡಿದ ಅಂತ ಇವನ ಮೇಲೆ ಕೇಸು ಬಿತ್ತು. ಕೋರ್ಟಿನಲ್ಲಿ ಫಿಲಿಪೋ ನಾಲ್ಕು ಚಿತ್ರ ಗೀಚಿ ತೋರಿಸಿದ. ಮೊದಲನೆಯದು ರಾಜನ ಮುಖ. ಎರಡನೆಯದರಲ್ಲಿ ಕೆನ್ನೆ ಸ್ವಲ್ಪ ಇಳಿದಿದೆ. ನಾಲ್ಕನೆಯದರ ಹೊತ್ತಿಗೆ ಅದು ಬರೀ ಪೇರ್ ಹಣ್ಣು. ಇದರಲ್ಲಿ ಯಾವುದಕ್ಕೆ ಶಿಕ್ಷೆ ಕೊಡುತ್ತೀರಿ, ಹಣ್ಣು ರಾಜನ ಹಾಗಿದ್ದರೆ ತಪ್ಪು ನನ್ನದಾ ಅನ್ನುವುದು ಅವನ ವಾದ. ಶಿಕ್ಷೆ ಆಗಿಯೇ ಆಯಿತು. ಆದರೆ ಪ್ಯಾರಿಸ್ಸಿನ ಗೋಡೆ ಗೋಡೆಯ ಮೇಲೆ ಮಕ್ಕಳು ಪೇರ್ ಹಣ್ಣು ಬರೆಯತೊಡಗಿದರು.

ಅದೇ ವರ್ಷದ ಕೊನೆಗೆ ಡೋಮಿಯೇ 'ಗಾರ್ಗಾಂಚುವಾ' ಬರೆದ. ಹಳೆಯ ಫ್ರೆಂಚ್ ಕಥೆಯೊಂದರ ದೈತ್ಯನ ಹೆಸರು ಅದು. ಹೊಟ್ಟೆಬಾಕ ರಾಜ ಕೂತಿದ್ದಾನೆ, ಬಡವರ ಕಾಸು ಬುಟ್ಟಿಗಳಲ್ಲಿ ಏಣಿ ಹತ್ತಿ ಅವನ ಬಾಯಿಗೆ ಬೀಳುತ್ತಿದೆ, ಕೆಳಗಿನಿಂದ ಬಿರುದು ಬಾವಲಿಗಳು ಹೊರಬರುತ್ತಿವೆ. ಸಿಂಹಾಸನ ಯಾವ ಕೆಲಸಕ್ಕೆ ಬಳಸುವ ಆಸನ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಆರು ತಿಂಗಳು ಜೈಲಾಯಿತು. 1834ರ ಏಪ್ರಿಲ್‌ನಲ್ಲಿ ಟ್ರಾನ್ಸ್‌ನೊನೇನ್ ಬೀದಿಯ ಮನೆಯೊಂದಕ್ಕೆ ಸೈನಿಕರು ನುಗ್ಗಿ ನಿದ್ದೆಯಲ್ಲಿದ್ದವರನ್ನು ಕೊಂದಾಗ ಅವನು ಬರೆದ ಚಿತ್ರದಲ್ಲಿ ಒಂದು ಚೂರೂ ನಗುವಿಲ್ಲ.

1835ರ ಜುಲೈಯಲ್ಲಿ ರಾಜನನ್ನು ಕೊಲ್ಲುವ ಪ್ರಯತ್ನ ನಡೆಯಿತು. ಸರ್ಕಾರಕ್ಕೆ ಅಷ್ಟು ನೆಪ ಸಾಕಾಯಿತು. ಸೆಪ್ಟೆಂಬರ್ 9ರ ಕಾನೂನು ಬಂದು, ಯಾವ ಚಿತ್ರವನ್ನೂ ಮೊದಲೇ ಒಪ್ಪಿಗೆ ಪಡೆಯದೆ ಅಚ್ಚು ಹಾಕುವಂತಿಲ್ಲ ಅಂತಾಯಿತು. ಬರಹಕ್ಕೆ ಆ ತಡೆ ಇಲ್ಲ, ಚಿತ್ರಕ್ಕೆ ಮಾತ್ರ. ಬರಹ ಮನಸ್ಸಿಗೆ ಹೇಳುತ್ತದೆ, ಚಿತ್ರ ಕಣ್ಣಿಗೆ ಹೇಳುತ್ತದೆ, ಅದು ಅಭಿಪ್ರಾಯ ಅಲ್ಲ, ಕೃತ್ಯ ಅನ್ನುವುದು ಸರ್ಕಾರದ ವಾದ. ಸರ್ಕಾರವೇ ಚಿತ್ರಕ್ಕೆ ಎಷ್ಟು ಹೆದರಿತ್ತು ಅಂತ ಇದರಲ್ಲೇ ಗೊತ್ತಾಗುತ್ತದೆ.

'ಲ ಕಾರಿಕಾಚ್ಯೂರ್' ಬಾಗಿಲು ಹಾಕಿತು. 'ಲ ಶಾರಿವಾರಿ' ಉಳಿಯಿತು. ಆದರೆ ದಿನವೂ ಒಂದು ಚಿತ್ರ ಕೊಡಬೇಕಲ್ಲ? ರಾಜನ ಮುಖ ಮುಟ್ಟುವಂತಿಲ್ಲ. ಉಳಿದ ಮುಖ ಒಂದೇ, ಚಂದಾದಾರನದ್ದು.

ಇದೊಂದು ವಿಚಿತ್ರ ವ್ಯಾಪಾರ. ಯಾರನ್ನು ಗೇಲಿ ಮಾಡುತ್ತಾರೋ ಅವನೇ 60 ಫ್ರಾಂಕ್ ಕೊಟ್ಟು ತರಿಸಿಕೊಳ್ಳುತ್ತಾನೆ. ಅದು ನಡೆಯಬೇಕಾದರೆ ಗೇಲಿಯ ಹದ ಸರಿಯಾಗಿರಬೇಕು. ನೀನು ಕಳ್ಳ ಅಂದರೆ ಚಂದಾ ನಿಲ್ಲಿಸುತ್ತಾನೆ. ನೀನು ಪುಕ್ಕಲ ಅಂದರೆ ನಗುತ್ತಾನೆ, ಪಕ್ಕದ ಮನೆಯವನಿಗೂ ತೋರಿಸುತ್ತಾನೆ, ಯಾಕೆಂದರೆ ಚಿತ್ರದಲ್ಲಿರುವುದು ಪಕ್ಕದ ಮನೆಯವನೇ ಅಂತ ಅವನ ನಂಬಿಕೆ. ಭಯಕ್ಕೆ ಇನ್ನೊಂದು ಅನುಕೂಲವೂ ಇದೆ. ಅದು ಮುಗಿಯುವುದೇ ಇಲ್ಲ. ಬೇಸಿಗೆಗೆ ತಣ್ಣೀರಿನ ಭಯ, ಮೂರು ತಿಂಗಳಿಗೊಮ್ಮೆ ಬಾಡಿಗೆಯ ಭಯ, ವರ್ಷವಿಡೀ ಕಾಯಿಲೆಯ ಭಯ. ದಿನಪತ್ರಿಕೆಗೆ ಇಂಥ ಸರಕು ಬೇಕು.

ಕಾಯಿಲೆಯ ವಿಷಯಕ್ಕೆ ಬಂದರೆ, ಡೋಮಿಯೇ ಅಲ್ಲಿ ಈ ಕಾನೂನಿಗಿಂತ ಮೊದಲೇ ಕೈಯಾಡಿಸಿದ್ದ, ಅದೂ ಕೈದಿಯಾಗಿದ್ದಾಗ. 'ಗಾರ್ಗಾಂಚುವಾ' ಶಿಕ್ಷೆಯ ಕೊನೆಯ ಭಾಗವನ್ನು ಅವನು ಸೇಂತ್ ಪೆಲಾಜಿ ಜೈಲಿನಿಂದ ಡಾಕ್ಟರ್ ಪಿನೆಲ್ ಎಂಬವರ ಆರೈಕೆ ಮನೆಗೆ ವರ್ಗವಾಗಿ ಕಳೆದ. ಆ ಹೊತ್ತಿನದು 1833ರ 'ಕಲ್ಪನೆ' ಎಂಬ ಸರಣಿ.

ಅದರಲ್ಲಿ ಹೊಟ್ಟೆನೋವಿನ ಚಿತ್ರವಿದೆ. ಹೆಂಗಸೊಬ್ಬಳು ಕುರ್ಚಿಯಲ್ಲಿ ಮುದುಡಿ ಕೂತಿದ್ದಾಳೆ. ಅವಳ ಸೊಂಟಕ್ಕೆ ಸಣ್ಣ ಸಣ್ಣ ಪಿಶಾಚಿಗಳು ಹಗ್ಗ ಬಿಗಿದು ಜಗ್ಗುತ್ತಿವೆ. ತಲೆನೋವಿನ ಚಿತ್ರದಲ್ಲಿ ಇಂಥವೇ ಮರಿಪಿಶಾಚಿಗಳು ಪಾಪದ ಮನುಷ್ಯನ ತಲೆಯ ಮೇಲೆ ರಿಪೇರಿ ಕೆಲಸ ಹಿಡಿದಿವೆ. ಈ ಉಪಾಯ ಡೋಮಿಯೇಯ ಸ್ವಂತದ್ದಲ್ಲ. ಲಂಡನ್ನಿನ ಜಾರ್ಜ್ ಕ್ರುಕ್‌ಶಾಂಕ್ 1819ರಲ್ಲೇ ತಲೆನೋವು, ಹೊಟ್ಟೆನೋವು ಎರಡನ್ನೂ ಹೀಗೆ ಪಿಶಾಚಿಗಳ ಕೈಗೆ ಕೊಟ್ಟಿದ್ದ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಎರವಲು ಎದ್ದು ಕಾಣುತ್ತದೆ.

ನನಗೆ ಜಾಸ್ತಿ ಇಷ್ಟವಾಗುವುದು ಅದೇ ಸರಣಿಯ ಬೇರೆ ಎರಡು. ಒಂದರಲ್ಲಿ ರೋಗಿ ತನ್ನ ಹಾಸಿಗೆಯ ಸುತ್ತ ತನ್ನದೇ ಹೆಣದ ಮೆರವಣಿಗೆ, ಉಯಿಲು ಎಲ್ಲವನ್ನೂ ಕಾಣುತ್ತಿದ್ದಾನೆ. ಇನ್ನೊಂದರಲ್ಲಿ ಡಾಕ್ಟರೇ ನಾಯಕ. ಆರಾಮಕುರ್ಚಿಯಲ್ಲಿ ಕೂತು ಚಿಂತೆ ಮಾಡುತ್ತಿದ್ದಾನೆ. ರಕ್ತ ತೆಗೆದೆ, ಭೇದಿಗೆ ಕೊಟ್ಟೆ, ಔಷಧಿ ಕುಡಿಸಿದೆ, ಆದರೂ ನನ್ನ ರೋಗಿಗಳೆಲ್ಲ ಯಾಕೆ ಹೀಗೆ ಹೊರಟುಹೋಗುತ್ತಾರೆ, ತಲೆಬುಡ ತಿಳಿಯುತ್ತಿಲ್ಲ ಅನ್ನುವುದು ಅವನ ಗೊಂದಲ. ಅವನ ಮುಂದೆ ಸಾವಿನ ಗುಂಪು ಸುಳಿಯುತ್ತಿದೆ. ಆ ಕಾಲದ ಫ್ರಾನ್ಸಿನಲ್ಲಿ ಯಾವ ರೋಗಕ್ಕೂ ರಕ್ತ ತೆಗೆಯುವುದೇ ಮದ್ದು. 1833ರಲ್ಲಿ ಆ ದೇಶ ಹೊರಗಿನಿಂದ ತರಿಸಿಕೊಂಡ ಜಿಗಣೆಗಳೇ 4 ಕೋಟಿ ದಾಟಿದ್ದವು. ಹಾಗಾಗಿ ರೋಗಿಯ ಭಯ ಕಲ್ಪನೆ, ಆದರೆ ಡಾಕ್ಟರು ಮಾತ್ರ ನಿಜ. ಈ ಎರಡು ಚಿತ್ರಗಳನ್ನು ಒಟ್ಟಿಗೆ ನೋಡಿದ ಮೇಲೆ ರೋಗಿಯನ್ನು ಪುಕ್ಕಲ ಅನ್ನಲು ಬಾಯಿ ಬರುವುದಿಲ್ಲ.

ಡೋಮಿಯೇಗೆ ಮೊದಲೂ ಫ್ರಾನ್ಸಿನ ಅಚ್ಚುಚಿತ್ರಗಾರರು ಇದೇ ದಾರಿ ತುಳಿದಿದ್ದರು. ಲೂಯಿ ಲೆಯೊಪೋಲ್ಡ್ ಬುವಾಯಿ 1823ರಿಂದ ಬಿಡಿಸಿದ 'ಮುಖಚೇಷ್ಟೆಗಳು' ಎಂಬ ಕಲ್ಲಚ್ಚು ಸರಣಿಯಲ್ಲಿ ಹಲ್ಲು ಕೀಳಿಸಿಕೊಳ್ಳುವವನ ಚಿತ್ರವಿದೆ. ಅದರ ಹೆಸರು 'ಉಕ್ಕಿನ ಮುಲಾಮು'. ಹೆಸರೇ ಅರ್ಧ ಜೋಕು. ಬುವಾಯಿಯ ವಿಶೇಷ ಏನೆಂದರೆ ತಲೆಗಳನ್ನು ಒತ್ತೊತ್ತಾಗಿ ಕೂರಿಸಿ, ಮುಖ ಬಿಟ್ಟು ಬೇರೇನನ್ನೂ ತೋರಿಸುವುದಿಲ್ಲ. 1830ರಲ್ಲಿ ಗ್ರಾಂವಿಲ್ ಎಂಬಾತ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಾವನ್ನೇ ಇವತ್ತಿನ ಬಟ್ಟೆ ತೊಡಿಸಿ ಪ್ಯಾರಿಸ್ಸಿನಲ್ಲಿ ಓಡಾಡಿಸಿದ. ಔಷಧಿ ಅಂಗಡಿಯಲ್ಲಿ ಮಾಲೀಕ ಗಿರಾಕಿಗೆ, ನಮ್ಮ ಹುಡುಗ ಎಂದೂ ತಪ್ಪು ಮಾಡುವವನಲ್ಲ ಅನ್ನುತ್ತಿದ್ದಾನೆ. ಹಿಂದೆ ಔಷಧಿ ಅರೆಯುತ್ತಿರುವ ಹುಡುಗ ಅಸ್ಥಿಪಂಜರ. ಗ್ರಾಂವಿಲ್‌ನ ನಗು ತಣ್ಣಗಿದೆ, ಅವನಿಗೆ ಮನುಷ್ಯರ ಮೇಲೆ ಕನಿಕರ ಕಡಿಮೆ. ಡೋಮಿಯೇಯದು ಹಾಗಲ್ಲ. ಕವಿ ಬೋದಲೇರ್ 1857ರಲ್ಲಿ ಫ್ರೆಂಚ್ ವ್ಯಂಗ್ಯಚಿತ್ರಗಾರರ ಬಗ್ಗೆ ಬರೆದ ಲೇಖನದಲ್ಲಿ, ಬೂರ್ಜ್ವಾ ಮನುಷ್ಯನನ್ನು ಇವನಷ್ಟು ಅರಿತವರೂ ಕಲಾವಿದನ ರೀತಿಯಲ್ಲಿ ಇವನಷ್ಟು ಪ್ರೀತಿಸಿದವರೂ ಇಲ್ಲ ಎಂಬ ಮಾತು ಹೇಳಿದ್ದಾನೆ. ಪ್ರೀತಿ ಅನ್ನುವ ಮಾತು ಇಲ್ಲಿ ಸರಿಯಾಗಿ ಬಿದ್ದಿದೆ.

ಬೋದಲೇರ್ ಇದನ್ನು ಬರೆದ ವರ್ಷವೇ ಪ್ಯಾರಿಸ್ ಇನ್ನೊಂದು ಭಯದಲ್ಲಿ ಸಿಕ್ಕಿಬಿದ್ದಿತ್ತು. 1857ರ ಜೂನ್ 13ಕ್ಕೆ ಧೂಮಕೇತು ಬಂದು ಭೂಮಿಗೆ ಬಡಿಯುತ್ತದೆ, ಎಲ್ಲವೂ ಮುಗಿಯುತ್ತದೆ ಅನ್ನುವ ಸುದ್ದಿ ಯೂರೋಪಿನ ತುಂಬ ಹಬ್ಬಿತು. ಇದು ಪೂರ್ತಿ ಹುಟ್ಟುಸುದ್ದಿಯಲ್ಲ, ಅದಕ್ಕೇ ಹೆಚ್ಚು ಜನ ನಂಬಿದರು. 1264ರಲ್ಲಿ ಮತ್ತು 1556ರಲ್ಲಿ ಕಂಡ ದೊಡ್ಡ ಧೂಮಕೇತುಗಳು ಎರಡೂ ಒಂದೇ, ಅದು ಸುಮಾರು ಮುನ್ನೂರು ವರ್ಷಕ್ಕೊಮ್ಮೆ ಬರುತ್ತದೆ, ಈ ಶತಮಾನದ ನಡುವೆ ಮತ್ತೆ ಬರಬೇಕು ಅಂತ ಕೆಲವು ಖಗೋಳ ವಿಜ್ಞಾನಿಗಳೇ ಲೆಕ್ಕ ಹಾಕಿದ್ದರು. ಬರುತ್ತದೆ ಅಂದದ್ದು ಅವರು. ಬಡಿಯುತ್ತದೆ, ಇಂಥ ದಿನವೇ ಬಡಿಯುತ್ತದೆ ಅಂದದ್ದು ಜ್ಯೋತಿಷಿಗಳು. ಊರಿನ ಬಾಯಿಗೆ ಬಿದ್ದ ಮೇಲೆ ಇಬ್ಬರ ಮಾತಿಗೂ ಒಂದೇ ತೂಕ ಬಂತು. 2012ರಲ್ಲಿ ನಮ್ಮ ಟಿವಿ ಚಾನೆಲ್ಲುಗಳಲ್ಲಿ ಪ್ರಳಯದ ಚರ್ಚೆ ನೋಡಿದವರಿಗೆ ಇದು ಹೊಸದೇನಲ್ಲ.

ಡೋಮಿಯೇಗೆ ಇದು ಹಬ್ಬ. ಆ ತಿಂಗಳುಗಳಲ್ಲಿ ಅವನು ಧೂಮಕೇತುವಿನ ಮೇಲೆ ಒಂದು ಸರಣಿಯನ್ನೇ ಬರೆದ. ಜೂನ್ 13 ಬಂತು, ಹೋಯಿತು. ಧೂಮಕೇತು ಬರಲಿಲ್ಲ. ಜನ ಅಂದಿನ ಊಟ ಅಂದೇ ಮಾಡಿದರು.

ತಮಾಷೆ ಆದದ್ದು ಮುಂದಿನ ವರ್ಷ. ಯಾರೂ ಕಾಯದೆ ಇದ್ದಾಗ ನಿಜವಾದ ಧೂಮಕೇತು ಬಂತು. ಫ್ಲಾರೆನ್ಸ್‌ನಲ್ಲಿ ಜೊವಾನ್ನಿ ದೊನಾತಿ 1858ರ ಜೂನ್‌ನಲ್ಲಿ ಅದನ್ನು ಮೊದಲು ಕಂಡ. ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಬರಿಗಣ್ಣಿಗೇ ಉದ್ದ ಬಾಗಿದ ಬಾಲದ ಸಮೇತ ಕಾಣುತ್ತಿತ್ತು. ಆ ಶತಮಾನದ ಅತಿ ಚೆಂದದ ಧೂಮಕೇತುಗಳಲ್ಲಿ ಅದೂ ಒಂದು. ಆಗ ಡೋಮಿಯೇ ಬರೆದ ಚಿತ್ರದಲ್ಲಿ ಜಾಕ್ ಬಾಬಿನೇ ಇದ್ದಾನೆ. ಬಾಬಿನೇ ಹೆಸರಾಂತ ಭೌತವಿಜ್ಞಾನಿ, ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯ. ಧೂಮಕೇತು ತೀರಾ ತೆಳು ವಸ್ತು, ಅದರಿಂದ ಭೂಮಿಗೆ ಏನೂ ಆಗದು ಅಂತ ಜನರಿಗೆ ಧೈರ್ಯ ಹೇಳುತ್ತಿದ್ದವನು. ಚಿತ್ರದಲ್ಲಿ ಅವನು ದುರ್ಬೀನಿಗೆ ಕಣ್ಣಿಟ್ಟು ಗಂಭೀರವಾಗಿ ಆಕಾಶ ಹುಡುಕುತ್ತಿದ್ದಾನೆ. ಧೂಮಕೇತು ಅವನ ಬೆನ್ನ ಹಿಂದೆ ಇದೆ. ಅದನ್ನು ಬಂದು ತೋರಿಸುತ್ತಿರುವವಳು ಮನೆ ಕಾಯುವ ಹೆಂಗಸು.

ಮೇಲುನೋಟಕ್ಕೆ ಇದು ವಿಜ್ಞಾನಿಯ ಗೇಲಿ. ಆದರೆ ಡೋಮಿಯೇ ಇನ್ನೊಂದು ಚಿತ್ರ ಬರೆದು ತಕ್ಕಡಿ ಸಮ ಮಾಡಿದ. ಅದರಲ್ಲಿ ಬೀದಿಯ ಜನ ಅದೇ ಧೂಮಕೇತು ನೋಡಿ ಮಾತಾಡುತ್ತಾರೆ. ಧೂಮಕೇತು ಬಂದರೆ ಯಾವಾಗಲೂ ಕೇಡೇ, ನಿನ್ನೆ ರಾತ್ರಿ ಪಕ್ಕದ ಪಾಪದ ಹೆಂಗಸು ಇದ್ದಕ್ಕಿದ್ದಂತೆ ಸತ್ತಳಲ್ಲ, ಈಗ ಗೊತ್ತಾಯಿತು ಯಾಕೆ ಅಂತ ಅನ್ನುವ ಧಾಟಿ. ಪಂಡಿತನಿಗೆ ಕಣ್ಣೆದುರಿನದು ಕಾಣುವುದಿಲ್ಲ, ಪಾಮರನಿಗೆ ಇಲ್ಲದ್ದೂ ಕಾಣುತ್ತದೆ.

ಬೇರೆ ಭಯಗಳ ಪಟ್ಟಿ ಉದ್ದ ಇದೆ, ಬೇಗ ಹೇಳಿ ಮುಗಿಸುತ್ತೇನೆ. ಸೇನ್ ನದಿಯ ಸ್ನಾನಘಟ್ಟಗಳಲ್ಲಿ ತಣ್ಣೀರಿಗೆ ಕಾಲಿಡಲು ಹಿಂಜರಿಯುವ ಡೊಳ್ಳುಹೊಟ್ಟೆಯವರ ಮೇಲೆ ಒಂದು ಸರಣಿ. ಭಾನುವಾರ ಹಳ್ಳಿಗೆ ಹೋಗಿ ಒದ್ದಾಡುವ ಪಟ್ಟಣಿಗರ ಮೇಲೆ 50 ಚಿತ್ರಗಳ ಇನ್ನೊಂದು. ಬಾಡಿಗೆದಾರರು ಮತ್ತು ಮಾಲೀಕರ ಮೇಲಿನದು ಎಲ್ಲ ಊರಿನವರಿಗೂ ತಾಗುತ್ತದೆ. ಪ್ಯಾರಿಸ್ಸಿನ ಜನ ಮಾಲೀಕನಿಗೆ 'ರಣಹದ್ದು ಸಾಹೇಬ' ಅಂತ ಅಡ್ಡಹೆಸರು ಇಟ್ಟಿದ್ದರು. 1847ರ ಒಂದು ಚಿತ್ರದಲ್ಲಿ ಬಾಡಿಗೆದಾರ ಹಾಸಿಗೆಯ ಮೇಲೆ ಕೊಡೆ ಬಿಡಿಸಿ ಕೂತಿದ್ದಾನೆ. ಸೂರು ಸೋರುತ್ತಿದೆ. ಈ ದರೋಡೆಕೋರ ಮಳೆ ನಿಂತ ಮೇಲೇ ರಿಪೇರಿ ಮಾಡಿಸುತ್ತಾನಂತೆ ಅಂತ ಬೈದುಕೊಳ್ಳುತ್ತಿದ್ದಾನೆ. ಬೆಂಗಳೂರಿನಲ್ಲಿ ಬಾಡಿಗೆಗೆ ಇರುವವರಿಗೆ ಇದಕ್ಕೆ ಟಿಪ್ಪಣಿ ಬೇಡ.

ಈಗ ಅಷ್ಟು ಚೆನ್ನಾಗಿ ಕಾಣದ ಒಂದು ಭಾಗ. 1844ರಲ್ಲಿ ಡೋಮಿಯೇ 'ನೀಲಿ ಕಾಲುಚೀಲದವರು' ಎಂಬ 40 ಚಿತ್ರಗಳ ಸರಣಿ ಬರೆದ. ಓದುವ, ಬರೆಯುವ ಹೆಂಗಸರಿಗೆ ಅಂಟಿಸಿದ ಹೀಯಾಳಿಕೆಯ ಹೆಸರು ಅದು. ಗಂಡಸಿನ ಹೆಸರಿಟ್ಟುಕೊಂಡು ಬರೆಯುತ್ತಿದ್ದ ಕಾದಂಬರಿಗಾರ್ತಿ ಜಾರ್ಜ್ ಸಾಂಡ್ ಹೆಸರು ಎಲ್ಲೆಡೆ ಕೇಳುತ್ತಿದ್ದ ದಿನಗಳು. ಒಂದು ಚಿತ್ರದಲ್ಲಿ ತಾಯಿ ಮೇಜಿಗೆ ಬಾಗಿ ಬರೆಯುತ್ತಿದ್ದಾಳೆ, ಹಿಂದೆ ಮಗು ಸ್ನಾನದ ತೊಟ್ಟಿಗೆ ತಲೆಕೆಳಗಾಗಿ ಬಿದ್ದಿದೆ. ತಾಯಿ ರಚನೆಯ ಬೆಂಕಿಯಲ್ಲಿ, ಮಗು ತೊಟ್ಟಿಯ ನೀರಿನಲ್ಲಿ ಅಂತ ಕೆಳಗಿನ ಸಾಲು. 1848, 49ರಲ್ಲಿ ವಿಚ್ಛೇದನದ ಹಕ್ಕು ಕೇಳಿದ ಹೆಂಗಸರ ಮೇಲೆ, ಸಮಾಜವಾದಿ ಹೆಂಗಸರ ಮೇಲೆ ಇನ್ನೆರಡು ಸರಣಿ ಬಂದವು.

ಚಿತ್ರಗಳಲ್ಲಿ ರೇಖೆಯ ಸೊಗಸಿಗೆ ಏನೂ ಕೊರತೆ ಇಲ್ಲ. ಆದರೂ ಇಲ್ಲಿ ಲೆಕ್ಕ ತಪ್ಪಿದೆ. ರೈಲಿನ ಚಿತ್ರದಲ್ಲಿ ಹೆದರಿದವನನ್ನು ನೋಡಿ ನಗುತ್ತಿದ್ದೆವು. ಇಲ್ಲಿ ಹೆದರಿದವನು ಗಂಡ. ಅಡುಗೆ ಮಾಡುವವರು ಯಾರು, ಗುಂಡಿ ಹೊಲಿಯುವವರು ಯಾರು ಅನ್ನುವುದು ಅವನ ದಿಗಿಲು. ಆದರೆ ಚಿತ್ರ ನಗುವುದು ಅವನನ್ನು ನೋಡಿ ಅಲ್ಲ, ಹೆಂಡತಿಯನ್ನು ನೋಡಿ. ಅಂದರೆ ಭಯ ಚಿತ್ರದ ಒಳಗಿಲ್ಲ, ಚಿತ್ರಗಾರನ ಬೆನ್ನ ಹಿಂದೆ ನಿಂತು ಅವನ ಕೈ ಹಿಡಿದು ಬರೆಸುತ್ತಿದೆ. ಕೆಳಗಿನ ಸಾಲು ಬರೆದದ್ದು ಪತ್ರಿಕೆಯವರು ಅಂತ ಡೋಮಿಯೇಯನ್ನು ಸ್ವಲ್ಪ ಪಾರು ಮಾಡುವ ರೂಢಿ ಇದೆ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ತೊಟ್ಟಿಯಲ್ಲಿ ಮಗುವನ್ನು ಬೀಳಿಸಿದ್ದು ಅವನ ಕಡ್ಡಿಯೇ ತಾನೇ.

1848ರ ಫೆಬ್ರುವರಿಯಲ್ಲಿ ಮತ್ತೆ ಕ್ರಾಂತಿ ಆಗಿ ಲೂಯಿ ಫಿಲಿಪ್ ಓಡಿಹೋದಾಗ ಡೋಮಿಯೇ ತನ್ನ ಹಳೆಯ ಅಳತೆಗೆ ವಾಪಸ್ ಬಂದ. ಆ ವರ್ಷದ ಒಂದು ಸರಣಿಯ ಹೆಸರು 'ಗಾಬರಿ ಎಬ್ಬಿಸುವವರು ಮತ್ತು ಗಾಬರಿಬಿದ್ದವರು'. ಗಣರಾಜ್ಯ ಬಂದಿದೆ, ಇನ್ನು ನಮ್ಮ ಆಸ್ತಿ ಕಥೆ ಏನು ಅಂತ ಬೀದಿಯ ಪ್ರತಿ ಸದ್ದಿಗೂ ಬೆಚ್ಚುವ ಗೃಹಸ್ಥರೇ ಅದರ ಸರಕು. ಹೆಸರಿನಲ್ಲಿ ಎರಡು ಪಂಗಡ ಇದ್ದರೂ ಚಿತ್ರಗಳಲ್ಲಿ ಇಬ್ಬರ ಮುಖವೂ ಒಂದೇ ಥರ. ಬೆಳಿಗ್ಗೆ ಸುದ್ದಿ ಕೇಳಿ ನಡುಗಿದವನು ಸಂಜೆ ಅದನ್ನೇ ಸ್ವಲ್ಪ ಉಪ್ಪುಖಾರ ಹಚ್ಚಿ ಇನ್ನೊಬ್ಬನಿಗೆ ಹೇಳುತ್ತಾನೆ. ಹೇಳಿದವನಿಗೆ ಒಂದು ಗಳಿಗೆ ಹಗುರ. ವಾಟ್ಸಾಪ್ ಇಲ್ಲದ ಕಾಲದಲ್ಲೂ ಈ ಯಂತ್ರ ಚೆನ್ನಾಗಿಯೇ ಓಡುತ್ತಿತ್ತು.

ಯಾವ ಭಯಕ್ಕೆ ನಗಬಾರದು ಅನ್ನುವುದೂ ಅವನಿಗೆ ಗೊತ್ತಿತ್ತು. 1832ರಲ್ಲಿ ಪ್ಯಾರಿಸ್‌ನಲ್ಲಿ ಕಾಲರಾ ಬಂದು ಕೆಲವೇ ತಿಂಗಳಲ್ಲಿ ಸುಮಾರು 18,000 ಜನ ಸತ್ತರು. ಪ್ರಧಾನಮಂತ್ರಿಯೂ ಉಳಿಯಲಿಲ್ಲ. ಎಂಟು ವರ್ಷದ ನಂತರ, ಡಾಕ್ಟರುಗಳನ್ನು ಅಣಕಿಸುವ ಪದ್ಯಗಳ ಪುಸ್ತಕ 'ನೆಮೆಸಿಸ್ ಮೆಡಿಕಾಲ್'ಗೆ ಡೋಮಿಯೇ ಮರದಚ್ಚಿನ ಚಿತ್ರ ಬರೆದುಕೊಟ್ಟ. ಪುಸ್ತಕ ಹಾಸ್ಯದ್ದು. ಕಾಲರಾ ಪುಟದಲ್ಲಿ ಮಾತ್ರ ಬಿಸಿಲು ಬಿದ್ದ ಖಾಲಿ ಬೀದಿ, ಕುಸಿದ ಒಬ್ಬ ಮನುಷ್ಯ, ಒಂದು ನಾಯಿ, ಹಿಂದೆ ಹೆಣ ಸಾಗಿಸುವವರು. 1870ರಲ್ಲಿ ಜರ್ಮನರ ಪ್ರಶ್ಯಾ ರಾಜ್ಯದ ಜೊತೆ ಯುದ್ಧ ಶುರುವಾದಾಗಲೂ ಹೀಗೇ. 1871ರ ಜನವರಿ 11ರ ಚಿತ್ರದಲ್ಲಿ ಹೊಸ ವರ್ಷವೇ ಮುಸುಕು ಹೊದ್ದ ಹೆಂಗಸಾಗಿ, ಹಳೆಯ ವರ್ಷ ಬಿಟ್ಟುಹೋದ ಹೆಣಗಳನ್ನು ನೋಡಲಾರದೆ ಮುಖ ಮುಚ್ಚಿಕೊಂಡಿದೆ. ಇಲ್ಲಿ ಭಯಕ್ಕೂ ಅಪಾಯಕ್ಕೂ ಅಳತೆಯ ವ್ಯತ್ಯಾಸವೇ ಇಲ್ಲ. ಹಾಗಾಗಿ ಜೋಕೂ ಇಲ್ಲ.

ಈ ಚಿತ್ರಗಳನ್ನು ಇವತ್ತು ಮನೆಯಲ್ಲೇ ಕೂತು ನೋಡಬಹುದು. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ತನ್ನ 'ಗಾಲಿಕಾ' ತಾಣದಲ್ಲಿ 'ಲ ಶಾರಿವಾರಿ'ಯ ಹಳೆಯ ಸಂಚಿಕೆಗಳನ್ನು ಪುಟ ಪುಟವಾಗಿ ಹಾಕಿದೆ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲೂ ದೊಡ್ಡ ಸಂಗ್ರಹವಿದೆ. ಹುಡುಕುವಾಗ ಒಂದು ಸಂಗತಿ ತಿಳಿದಿರಲಿ. ಲೂವಾ ದೆಲ್ತೇಲ್ ಎಂಬವರು 1920ರ ದಶಕದಲ್ಲಿ ಡೋಮಿಯೇಯ ಕಲ್ಲಚ್ಚುಗಳಿಗೆಲ್ಲ ಕ್ರಮಸಂಖ್ಯೆ ಕೊಟ್ಟಿದ್ದಾರೆ. ಈಗಲೂ ಮ್ಯೂಸಿಯಮ್ಮುಗಳು ಬಳಸುವುದು ಆ ಸಂಖ್ಯೆಯನ್ನೇ.

ನೋಡುವಾಗ ಮೊದಲು ಕೆಳಗಿನ ಸಾಲನ್ನು ಕೈಯಿಂದ ಮುಚ್ಚಿ. ಅದು ಬೇರೆಯವರ ಮಾತು, ಚಿತ್ರವನ್ನು ಒಂದೇ ಅರ್ಥಕ್ಕೆ ಕಟ್ಟಿಹಾಕುತ್ತದೆ. ಮುಖಕ್ಕಿಂತ ಮೊದಲು ಬೆನ್ನು, ಮೊಣಕಾಲು, ಟೋಪಿ ಹಿಡಿದ ಬೆರಳು ನೋಡಿ. ಹೆದರಿದವನು ಮುಖವನ್ನು ಹೇಗೋ ಸಂಭಾಳಿಸುತ್ತಾನೆ, ಮೊಣಕಾಲು ಮಾತು ಕೇಳುವುದಿಲ್ಲ. ಕೆಲವು ಪ್ರತಿಗಳಲ್ಲಿ ಚಿತ್ರದ ಆಕಾಶದೊಳಗೆ ಹಿಂದಿನ ಪುಟದ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಅವು ನಿಜವಾಗಿ ಪತ್ರಿಕೆಯಲ್ಲಿ ಬಂದ ಪ್ರತಿಗಳು. ಬೆನ್ನಿಗೆ ಏನೂ ಇಲ್ಲದ ದಪ್ಪ ಬಿಳಿ ಕಾಗದದವು ಸಂಗ್ರಹಕಾರರಿಗಾಗಿ ಬೇರೆಯಾಗಿ ತೆಗೆದವು. ಎರಡನೆಯದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಜಾಸ್ತಿ. ನನಗೆ ಮೊದಲನೆಯದೇ ಇಷ್ಟ, ಏಕೆಂದರೆ ಬೆಳಗಿನ ಕಾಫಿ ಅಂಗಡಿಯಲ್ಲಿ ಕೈಯಿಂದ ಕೈಗೆ ಹೋದ ಕಾಗದ ಅದು. ಮೂಲ ಕಲ್ಲುಗಳನ್ನು ಹುಡುಕಿಕೊಂಡು ಹೋಗಬೇಡಿ. ಒಂದು ಚಿತ್ರ ಅಚ್ಚಾದ ಮೇಲೆ ಕಲ್ಲನ್ನು ಉಜ್ಜಿ ಅಳಿಸಿ, ಮುಂದಿನ ಚಿತ್ರಕ್ಕೆ ಸಿದ್ಧ ಮಾಡುತ್ತಿದ್ದರು.